ಹಳೆಯ ಟೊರಾಂಟೊ ಸ್ಲೈಡುಗಳ ಇಸವಿ ಪತ್ತೆ ಹಚ್ಚುವುದು ಹೇಗೆ?

#1 ಪಟದಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಎಪ್ಪತ್ತರ ದಶಕದಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ಕನ್ನಡಿಗರ ಮನೆಗಳ ಸ್ಲೈಡುಗಳನ್ನು ಸ್ಕ್ಯಾನ್ ಮಾಡಿ, ಇಸವಿವಾರು ಜೋಡಿಸುವ ಕೆಲಸ ನಡೆದಿದೆ. ಎರಡು ಸ್ಲೈಡಿನ ಹತ್ತಿರ ಬಂಡಿ ನಿಂತುಬಿಟ್ಟಿದೆ. ಎರಡೂ ಕೊಡಾಕ್ ಕಂಪನಿಯ ಕೊಡಾಕ್ರೋಮ್ ಫಿಲಂ, ರಟ್ಟಿನ ಚೌಕಟ್ಟು.

ಸ್ಲೈಡ್ 1: ದ್ವೀಪದ ಕಡೆಯಿಂದ, ದೋಣಿಯ ಮೇಲೆ ನಿಂತು ತೆಗೆದ ಟೊರಾಂಟೊ. ಎಡಕ್ಕೆ ಕಾಂಕ್ರೀಟಿನ ಉದ್ದ ಕಂಬ, ಮೇಲ್ಭಾಗದಲ್ಲಿ ಕಟ್ಟುತ್ತಿರುವ ಉಬ್ಬು, ಆಂಟೆನಾ ಇಲ್ಲ. ನಡುವೆ ಕಪ್ಪು ಕಟ್ಟಡಗಳ ಗುಂಪು. ಅವುಗಳ ಹಿಂದೆ ಅರ್ಧ ಬಿಳಿ ಹೊದಿಕೆ ಹಾಕಿದ, ಮೇಲೆ ಉಕ್ಕಿನ ಚೌಕಟ್ಟು ಕಾಣುವ ಎತ್ತರದ ಕಟ್ಟಡ. ಬಲತುದಿಯ ಮರಗಳ ಎಲೆ ಕೆಂಪಾಗಿವೆ.

ಸ್ಲೈಡ್ 2: ಕ್ವೀನ್ ಮತ್ತು ಬೇ ಸ್ಟ್ರೀಟ್ ಕೂಡುವ ಮೂಲೆ. ಓಲ್ಡ್ ಸಿಟಿ ಹಾಲ್ ಗಡಿಯಾರ ಗೋಪುರ, ಕೆಂಪು-ಕೆನೆ ಬಣ್ಣದ ಸ್ಟ್ರೀಟ್‌ಕಾರ್ (ಟ್ರಾಮ್), ಒಂದು ಬಾವುಟ, ಎರಡು ಕಾರು, ಬಲಕ್ಕೆ ದೂರದಲ್ಲಿ ಈಟನ್ ಅಂಗಡಿಯ ಹಳೇ ಕಟ್ಟಡ.

ಇಸವಿ ಎಲ್ಲೂ ಬರೆದಿಲ್ಲ. ಯಾವ ಕ್ರಮದಲ್ಲಿ ನೋಡಬೇಕು? ಇದೇ ಜಾಗದಿಂದ ಇವತ್ತಿನ ಪಟವನ್ನೂ ತೆಗೆದು ಪಕ್ಕದಲ್ಲಿಡುವ ಯೋಚನೆ ಇದೆ. ಅದಕ್ಕೂ ಸಲಹೆ ಕೊಡಿ.

#2 ಬಂದರುಕಟ್ಟೆ

ಮೊದಲ ಸ್ಲೈಡು ಅದೃಷ್ಟದ್ದು. ಟೊರಾಂಟೊ ಸ್ಕೈಲೈನ್ (ದೂರದಿಂದ ಕಾಣುವ ಕಟ್ಟಡಗಳ ಸಾಲು) ಅತಿ ಬೇಗ ಬದಲಾದ ಕಾಲಕ್ಕೇ ಅದು ಸಿಕ್ಕಿದೆ.

ದಿನಾಂಕ ಗಟ್ಟಿಯಾಗಿ ಗೊತ್ತಿರುವ ಕಟ್ಟಡದಿಂದ ಶುರು ಮಾಡಿ. ಆ ಕಂಬ ಸಿಎನ್ ಟವರ್. ಕೆಲಸ ಶುರುವಾದದ್ದು 1973ರ ಫೆಬ್ರವರಿ 6ಕ್ಕೆ. ಜಾರುವ ಅಚ್ಚಿನಲ್ಲಿ ಕಾಂಕ್ರೀಟ್ ಸುರಿಯುತ್ತಾ ದಿನಕ್ಕೆ ಸುಮಾರು 6 ಮೀಟರ್ ಮೇಲಕ್ಕೆ ಹೋದರು. ಉಬ್ಬಿನ ಕೆಲಸ 1974ರ ಆಗಸ್ಟಿನಲ್ಲಿ ಶುರು. ಆಂಟೆನಾವನ್ನು ಹೆಲಿಕಾಪ್ಟರ್ ತುಂಡುತುಂಡಾಗಿ ಎತ್ತಿ ಕೂರಿಸಿ, ಕೊನೆಯ ತುಂಡು ಹಾಕಿದ್ದು 1975ರ ಏಪ್ರಿಲ್ 2ಕ್ಕೆ. ಉಬ್ಬು ಇದ್ದು ಆಂಟೆನಾ ಇಲ್ಲ ಎಂದರೆ 1974ರ ಆಗಸ್ಟಿಗೂ 1975ರ ಮಾರ್ಚಿಗೂ ನಡುವೆ. ಎಲೆ ಕೆಂಪಾಗಿರುವುದರಿಂದ ಚಳಿಗಾಲ ಬಿಟ್ಟುಹೋಯಿತು. ಅಲ್ಲಿಗೆ 1974ರ ಅಕ್ಟೋಬರ್, ಹೆಚ್ಚೆಂದರೆ ಅದರ ಆಚೀಚೆ ಒಂದೆರಡು ವಾರ.

ಉಳಿದದ್ದೆಲ್ಲ ಇದಕ್ಕೆ ತಾಳೆಯಾಗಬೇಕು. ಕಪ್ಪು ಗುಂಪು ಮೀಸ್ ವಾನ್ ಡೆರ್ ರೋಹೆ ವಿನ್ಯಾಸದ ಟೊರಾಂಟೊ-ಡೊಮಿನಿಯನ್ ಸೆಂಟರ್: ಮೊದಲನೆಯದು 1967 (56 ಮಹಡಿ, 223 ಮೀಟರ್), ಎರಡನೆಯದು 1969. ಬಿಳಿಯದು ಫಸ್ಟ್ ಕೆನೇಡಿಯನ್ ಪ್ಲೇಸ್, 72 ಮಹಡಿ, 298 ಮೀಟರ್, ಮುಗಿದದ್ದು 1975. ಅರ್ಧಕ್ಕೆ ನಿಂತಂತೆ ಕಾಣುವುದು ಸರಿಯಾಗೇ ಇದೆ. ಐ. ಎಂ. ಪೇ ವಿನ್ಯಾಸದ ಕಾಮರ್ಸ್ ಕೋರ್ಟ್ ವೆಸ್ಟ್ (1972, 57 ಮಹಡಿ) ಬೆಳ್ಳಿ ಬಣ್ಣದಲ್ಲಿ ಬಲಕ್ಕೆ ಇರಬೇಕು, ನೋಡಿ.

ಬಿಳಿ ಕಟ್ಟಡದ ಬಗ್ಗೆ ಇನ್ನೊಂದು ಮಾತು. ಬೇರೆ ಪಟಗಳಿಗೆ ಉಪಯೋಗವಾಗುತ್ತದೆ. ಆ ಬಿಳುಪು ಇಟಲಿಯ ಕರಾರಾ ಅಮೃತಶಿಲೆಯದು, ಸುಮಾರು 45,000 ಹಲಗೆ. ತೆಳು ಅಮೃತಶಿಲೆ ಬಿಸಿಲು-ಚಳಿಗೆ ಪ್ರತಿ ವರ್ಷ ಹಿಗ್ಗಿ ಕುಗ್ಗುತ್ತಾ ಪೂರ್ತಿ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಕ್ರಮೇಣ ಬಿಲ್ಲಿನಂತೆ ಬಾಗುತ್ತದೆ, ಗೋಡೆಗೆ ಹಿಡಿದಿಡುವ ಕೊಕ್ಕೆಯ ಹತ್ತಿರ ಬಿರುಕು ಬಿಡುತ್ತದೆ. 2007ರಲ್ಲಿ ಒಂದು ಹಲಗೆ ಕಳಚಿ ಬಿತ್ತು. 2009ರಿಂದ 2012ರೊಳಗೆ ಅಷ್ಟೂ ಕಲ್ಲು ತೆಗೆದು ಬಿಳಿ ಗಾಜು ಹಾಕಿದರು. ಹಾಗಾಗಿ ಕಟ್ಟಡ ಅದೇ ಇದ್ದರೂ ಮೈ ನೋಡಿದರೆ ಕಾಲ ಗೊತ್ತಾಗುತ್ತದೆ. ಸಣ್ಣ ಹಲಗೆಗಳ ಗೆರೆಜಾಲ ಕಂಡರೆ ಹಳೆಯದು, ದೊಡ್ಡ ನುಣುಪು ಗಾಜಿದ್ದರೆ ಹೊಸದು.

#3 ಹಳಿಗಾಡಿ

ಎರಡನೇ ಸ್ಲೈಡು ನನ್ನ ಪಾಲಿಗಿರಲಿ. ಬೀದಿ ಮಟ್ಟದ ಪಟದಲ್ಲಿ ಕಟ್ಟಡ ಬಿಟ್ಟು ಚಿಕ್ಕ ವಸ್ತುಗಳನ್ನು ನೋಡಬೇಕು. ಕಟ್ಟಡ ನೂರು ವರ್ಷ ನಿಲ್ಲುತ್ತದೆ. ನಂಬರ್ ಪ್ಲೇಟು, ಫಲಕ, ಬಾವುಟ ಅಷ್ಟು ಕಾಲ ಉಳಿಯುವುದಿಲ್ಲ.

ಬಾವುಟ: ಮೇಪಲ್ ಎಲೆಯದ್ದಾದರೆ 1965ರ ಫೆಬ್ರವರಿ 15ರ ನಂತರ. ಮೂಲೆಯಲ್ಲಿ ಯೂನಿಯನ್ ಜ್ಯಾಕ್ ಇರುವ ಕೆಂಪು ಬಾವುಟವಾದರೆ ಸಾಮಾನ್ಯವಾಗಿ ಅದಕ್ಕೂ ಮುಂಚೆ. ಆದರೆ ಹುಷಾರು, ಒಂಟಾರಿಯೊ ಪ್ರಾಂತ್ಯದ ಬಾವುಟವೂ ಹಾಗೆಯೇ ಕಾಣುತ್ತದೆ. ಅದು ಬಂದದ್ದೂ 1965ರಲ್ಲೇ. ಗುರಾಣಿಯೊಳಗೆ ಮೂರು ಹಳದಿ ಎಲೆ ಇವೆಯೇ ಎಂದು ದೊಡ್ಡದು ಮಾಡಿ ನೋಡಿ.

ನಂಬರ್ ಪ್ಲೇಟು: ಒಂಟಾರಿಯೊದಲ್ಲಿ 1972ರವರೆಗೆ ಪ್ರತಿ ವರ್ಷ ಹೊಸ ಪ್ಲೇಟು, ಅದರ ಮೇಲೇ ಇಸವಿ, ಬಣ್ಣವೂ ಬದಲಾಗುತ್ತಿತ್ತು. 1973ರಿಂದ ಬಿಳಿಯ ಮೇಲೆ ನೀಲಿ ಅಕ್ಷರದ ಕಾಯಂ ಪ್ಲೇಟು, ಮೇಲೆ ವರ್ಷದ ಸ್ಟಿಕ್ಕರ್. ಆ ಪ್ಲೇಟಿನ ಘೋಷವಾಕ್ಯ ‘ಕೀಪ್ ಇಟ್ ಬ್ಯೂಟಿಫುಲ್’. 1982ರಿಂದ ‘ಯುವರ್ಸ್ ಟು ಡಿಸ್ಕವರ್’.

ವೇಗಮಿತಿ ಫಲಕ: ಕೆನಡಾದ ರಸ್ತೆಗಳು ಮೈಲಿಯಿಂದ ಕಿಲೋಮೀಟರಿಗೆ ಬದಲಾದದ್ದು 1977ರ ಸೆಪ್ಟೆಂಬರಿನಲ್ಲಿ. ನಗರದ ಬೀದಿಯಲ್ಲಿ ‘30’ ಇದ್ದರೆ ಮೈಲಿ ಕಾಲ, ‘50’ ಇದ್ದು ಕೆಳಗೆ ಕಿ.ಮೀ. ಗುರುತಿದ್ದರೆ ನಂತರದ್ದು.

ಸ್ಟ್ರೀಟ್‌ಕಾರ್: ನಿಮ್ಮದು ಪಿಸಿಸಿ ಎಂಬ ಮಾದರಿಯ ಬಂಡಿ. ಟೊರಾಂಟೊಕ್ಕೆ ಬಂದದ್ದು 1938, ನಿತ್ಯಸೇವೆಯಿಂದ ಹೋದದ್ದು 1995. ಅದಕ್ಕೂ ಹಳೆಯ, ಡಬ್ಬಿಯಂಥ ಪೀಟರ್ ವಿಟ್ 1921ರಿಂದ 1963ರವರೆಗೆ. ಚೌಕು ಮೂತಿಯ ಸಿಎಲ್ಆರ್‌ವಿ 1979ರಿಂದ 2019ರ ಡಿಸೆಂಬರ್ 29ರವರೆಗೆ. ಉದ್ದನೆಯ, ತಗ್ಗು ನೆಲದ ಫ್ಲೆಕ್ಸಿಟಿ 2014ರ ಆಗಸ್ಟ್ 31ರಿಂದ. ಯಂಗ್ ಸ್ಟ್ರೀಟಿನಲ್ಲಿ ಬಂಡಿ ಓಡುತ್ತಿದ್ದರಂತೂ ಅದು 1954ಕ್ಕಿಂತ ಹಳೆಯ ಪಟ. ಆ ವರ್ಷದ ಮಾರ್ಚ್ 30ಕ್ಕೆ ಸಬ್‌ವೇ ತೆರೆದಾಗ ಮೇಲಿನ ಹಳಿ ನಿಂತಿತು.

ಈಟನ್ ಅಂಗಡಿಯ ಹಳೇ ಕಟ್ಟಡ ನಿಂತಿದೆ ಎಂದರೆ 1977ರಲ್ಲಿ ಈಟನ್ ಸೆಂಟರ್ ತೆರೆಯುವುದಕ್ಕೆ ಮುಂಚಿನದು ಎಂದು ಇಟ್ಟುಕೊಳ್ಳಬಹುದು. ಪ್ಲೇಟು ಬಿಳಿ-ನೀಲಿ ಇದ್ದರೆ ಲೆಕ್ಕ 1973–76.

#4 ಓದುಗ_ಒಬ್ಬ

ಪಿಸಿಸಿ ಇದೆ, ಸಿಎಲ್ಆರ್‌ವಿ ಇಲ್ಲ. ಹಾಗಾಗಿ 1979ಕ್ಕೆ ಮುಂಚೆ ಎಂದೂ ಹೇಳಬಹುದಲ್ಲವೇ?

#5 ಹಳಿಗಾಡಿ

ಹೇಳಬಾರದು ಸರ್. ಎರಡೂ ಹದಿನಾರು ವರ್ಷ ಜೊತೆಗೆ ಓಡಿವೆ. ಇರುವ ವಸ್ತು ‘ಇದಕ್ಕಿಂತ ಮುಂಚೆ ಅಲ್ಲ’ ಎನ್ನುತ್ತದೆ. ಇಲ್ಲದ ವಸ್ತುವಿನಿಂದ ‘ಇದಕ್ಕಿಂತ ಆಮೇಲೆ ಅಲ್ಲ’ ಎನ್ನಬೇಕಾದರೆ ಅದು ನಿಲ್ಲಬೇಕಾದ ಜಾಗ ಪಟದಲ್ಲಿ ಮರೆಯಿಲ್ಲದೆ ಕಾಣಬೇಕು. ಸಿಎನ್ ಟವರಿನ ತುದಿ ಕಾಣುತ್ತಿದೆ, ಅಲ್ಲಿ ಆಂಟೆನಾ ಇಲ್ಲ, ಅದನ್ನು ನಂಬಬಹುದು. ಬೀದಿಯಲ್ಲಿ ಆ ಕ್ಷಣಕ್ಕೆ ಹಾದುಹೋಗದ ಬಂಡಿಯನ್ನು ನಂಬಲಾಗದು.

ಓಲ್ಡ್ ಸಿಟಿ ಹಾಲ್ ಗೋಪುರದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಗಡಿಯಾರದ ಮೇಲಿನ ನಾಲ್ಕು ಮೂಲೆಗೆ ಬಾಯಿ ತೆರೆದ ಮೃಗಶಿಲ್ಪಗಳಿದ್ದವು. ಮರಳುಗಲ್ಲು ಹವೆಗೆ ಸವೆದು ಅಪಾಯವಾದ್ದರಿಂದ 1938ರಲ್ಲಿ ತೆಗೆದರು. ಕಂಚಿನಲ್ಲಿ ಮತ್ತೆ ಮಾಡಿ ಕೂರಿಸಿದ್ದು 2002ರಲ್ಲಿ. ಗೋಪುರದ ಮೂಲೆಗಳು ಯಾವ ಪಟದಲ್ಲೂ ಎದ್ದು ಕಾಣುತ್ತವೆ. ಬೋಳಾಗಿದ್ದರೆ 1938–2002, ಸಂಶಯವೇ ಬೇಡ.

#6 ನಕಾಶೆ

ಇನ್ನೂ ಹಳೆಯ ಪಟಗಳಿಗೆ ನಕ್ಷೆ ಬೇಕೇ ಬೇಕು. ಟೊರಾಂಟೊಕ್ಕೆ ಗೋಡ್ ಕಂಪನಿಯ ಬೆಂಕಿವಿಮೆ ಅಟ್ಲಾಸುಗಳಿವೆ: 1884, 1890, 1903, 1910, 1924 ಹೀಗೆ. ವಿಮೆಗೆ ಬರೆದದ್ದಾದ್ದರಿಂದ ಕಟ್ಟಡ ಯಾವುದರದ್ದು ಎಂಬುದೇ ಅವರಿಗೆ ಮುಖ್ಯ. ಇಟ್ಟಿಗೆಯದಕ್ಕೆ ಗುಲಾಬಿ-ಕೆಂಪು, ಮರದ್ದಕ್ಕೆ ಹಳದಿ, ಕಲ್ಲಿನದಕ್ಕೆ ನೀಲಿ. ಪಟದಲ್ಲಿ ಮರದ ಮನೆ ಇದ್ದು ನಕ್ಷೆಯಲ್ಲಿ ಅದೇ ಜಾಗ ಕೆಂಪಾಗಿದ್ದರೆ, ಪಟ ಆ ಅಟ್ಲಾಸಿಗಿಂತ ಹಿಂದಿನದು. ಎರಡು ಅಟ್ಲಾಸಿನ ನಡುವೆ ಸಿಕ್ಕಿಸಿದರೆ ಹತ್ತು-ಹನ್ನೆರಡು ವರ್ಷಕ್ಕೆ ಇಳಿಯುತ್ತದೆ.

ಮುಂದಿನ ಹೆಜ್ಜೆ ಊರಿನ ಡೈರೆಕ್ಟರಿ. ಬೀದಿವಾರು, ಮನೆ ಸಂಖ್ಯೆವಾರು, ಯಾವ ಅಂಗಡಿ ಯಾರದ್ದು ಎಂದು ಪ್ರತಿ ವರ್ಷ ಅಚ್ಚಾಗುತ್ತಿತ್ತು. ಪಟದಲ್ಲಿ ಓದಲು ಬರುವ ಎರಡು ಬೋರ್ಡು ಅಕ್ಕಪಕ್ಕ ಇದ್ದರೆ ಸಾಕು. ಒಂದರ ಮೊದಲ ವರ್ಷ, ಇನ್ನೊಂದರ ಕೊನೇ ವರ್ಷ ಹಿಡಿದರೆ ನಡುವೆ ಉಳಿಯುವುದು ಎರಡು-ಮೂರೇ ವರ್ಷ. ಇಲ್ಲಿ ಆಗುವ ತಪ್ಪು ಎಂದರೆ ಡೈರೆಕ್ಟರಿಯ ಮುಖಪುಟದ ಇಸವಿಯನ್ನೇ ನಂಬುವುದು. ಮಾಹಿತಿ ಕಲೆಹಾಕಿರುವುದು ಹಿಂದಿನ ವರ್ಷ. ಆದ್ದರಿಂದ ಆಚೀಚೆ ಒಂದು ವರ್ಷ ಸಡಿಲ ಬಿಡಿ.

ಟೊರಾಂಟೊದಲ್ಲಿ 1904ರ ಏಪ್ರಿಲ್ 19 ದೊಡ್ಡ ಗೆರೆ. ಅಂದಿನ ಬೆಂಕಿಗೆ ಬೇ, ವೆಲಿಂಗ್ಟನ್, ಫ್ರಂಟ್ ಸ್ಟ್ರೀಟ್ ಸುತ್ತಿನ ಸಗಟು ವ್ಯಾಪಾರದ ಕಟ್ಟಡಗಳು ನೂರಕ್ಕೂ ಹೆಚ್ಚು ಹೋದವು. ಆ ಭಾಗದ ಪಟಗಳನ್ನು ಮೊದಲು ಬೆಂಕಿಗೆ ಮುಂಚಿನದು, ಬೆಂಕಿಯ ನಂತರದ್ದು ಎಂದು ಎರಡು ರಾಶಿ ಮಾಡಿಕೊಳ್ಳಿ.

ದಡದ ಗೆರೆಯನ್ನೂ ಮರೆಯಬೇಡಿ. ಮೊದಲು ಫ್ರಂಟ್ ಸ್ಟ್ರೀಟೇ ಸರೋವರದ ಅಂಚು. ಹೆಸರೇ ಹೇಳುತ್ತದೆ. ಅದರ ದಕ್ಷಿಣಕ್ಕೆ ಇರುವುದೆಲ್ಲ ಮಣ್ಣು ತುಂಬಿಸಿ ಪಡೆದ ನೆಲ. ಇದನ್ನು ಕಣ್ಣಾರೆ ತೋರಿಸುವ ಒಂದು ಕಟ್ಟಡ ಹಾರ್ಬರ್ ಸ್ಟ್ರೀಟಿನ 60ನೇ ನಂಬರಿನದು, ಬಂದರು ಆಯೋಗದ ಹಳೇ ಕಚೇರಿ. ಮೊದಲ ಮಹಾಯುದ್ಧದ ಹೊತ್ತಿಗೆ ಕಟ್ಟಿದಾಗ ನೀರು ಅದರ ಬುಡದಲ್ಲೇ ಇತ್ತು. ಈಗ ಕಲ್ಲಿನ ಅದೇ ಮುಖ, ಅದೇ ಕಂಬಗಳು. ಸುತ್ತ ಗಾಜಿನ ಕಟ್ಟಡಗಳು, ಪಕ್ಕದಲ್ಲಿ ಎತ್ತರದ ಹೆದ್ದಾರಿ. ನೀರು ಕಾಣುವುದೇ ಇಲ್ಲ. ಆ ಕಚೇರಿಯ ಮುಂದೆ ದೋಣಿ ನಿಂತ ಪಟ ಸಿಕ್ಕಿದರೆ ಇಪ್ಪತ್ತರ ದಶಕದ ಆಸುಪಾಸಿನದೆಂದು ಹಿಡಿಯಬಹುದು.

#7 ಬೆಳಕುಕೋನ

ಸ್ಲೈಡ್ 2ರಲ್ಲಿ ಗಡಿಯಾರ ಇದೆ ಎಂದಿರಿ. ಗಡಿಯಾರದ ಜೊತೆ ನೆರಳೂ ಇದ್ದರೆ ತಿಂಗಳನ್ನೇ ಲೆಕ್ಕ ಹಾಕಬಹುದು. ಪಟದಪೆಟ್ಟಿಗೆಯವರೇ, ಎರಡು ವಿಷಯ ನೋಡಿ ಹೇಳಿ: ಮುಳ್ಳು ಎಷ್ಟು ತೋರಿಸುತ್ತಿದೆ? ಕಂಬದ ನೆರಳು ಬೇ ಸ್ಟ್ರೀಟಿನ ಅಂಚುಗಲ್ಲಿಗೆ ಸಮಾನಾಂತರವಾಗಿದೆಯೇ, ಓರೆಯಾಗಿದೆಯೇ?

#8 ಪಟದಪೆಟ್ಟಿಗೆ

ಗಡಿಯಾರ 12:20, ಒಂದೆರಡು ನಿಮಿಷ ಹೆಚ್ಚುಕಮ್ಮಿ. ದೀಪದ ಕಂಬದ ನೆರಳು ಅಂಚುಗಲ್ಲಿನ ಉದ್ದಕ್ಕೇ ಬಿದ್ದಿದೆ, ಸಮಾನಾಂತರ ಎನ್ನಬಹುದು. ಬಾವುಟ ಮೇಪಲ್ ಎಲೆಯದ್ದು. ಪ್ಲೇಟು ಬಿಳಿ, ಅಕ್ಷರ ನೀಲಿ. ಗೋಪುರದ ಮೂಲೆಗಳು ಬೋಳು.

#9 ಬೆಳಕುಕೋನ

ಇದು ಬಹಳ ಒಳ್ಳೆಯ ಸಾಕ್ಷಿ. ಟೊರಾಂಟೊದ ಬೀದಿಜಾಲ ದಿಕ್ಸೂಚಿಗೆ ನೇರವಾಗಿಲ್ಲ, ಸುಮಾರು 17 ಡಿಗ್ರಿ ತಿರುಗಿದೆ. ಊರಿನವರು ‘ಉತ್ತರ’ ಎನ್ನುವ ಬೇ, ಯಂಗ್ ಬೀದಿಗಳು ಉತ್ತರಕ್ಕಿಂತ ಅಷ್ಟು ಪಶ್ಚಿಮಕ್ಕೆ ವಾಲಿವೆ. ನೆರಳು ಬೇ ಸ್ಟ್ರೀಟಿನ ಉದ್ದಕ್ಕೆ ಬೀಳಬೇಕಾದರೆ ಸೂರ್ಯ ನೇರ ದಕ್ಷಿಣಕ್ಕೆ ಬರುವ ಮುಂಚೆ, 17 ಡಿಗ್ರಿ ಪೂರ್ವದಲ್ಲಿರಬೇಕು. ಆ ಗಳಿಗೆ ಕಾಲಕ್ಕೆ ತಕ್ಕಂತೆ ಸರಿಯುತ್ತದೆ: ಡಿಸೆಂಬರ್ ಕೊನೆಯಲ್ಲಿ 11:05ರ ಸುಮಾರು, ಮಾರ್ಚ್ ಕೊನೆಯಲ್ಲಿ 11:35, ಜೂನ್ ಕೊನೆಯಲ್ಲಿ (ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆ ಸಮಯದಲ್ಲಿ) 12:50, ಸೆಪ್ಟೆಂಬರ್ ಕೊನೆಯಲ್ಲಿ 12:20, ಅಕ್ಟೋಬರ್ ಕೊನೆಯಲ್ಲಿ 12:05.

ಆಗ ಬೇಸಿಗೆ ಸಮಯ ಏಪ್ರಿಲಿನ ಕೊನೆ ಭಾನುವಾರ ಶುರುವಾಗಿ ಅಕ್ಟೋಬರಿನ ಕೊನೆ ಭಾನುವಾರ ಮುಗಿಯುತ್ತಿತ್ತು. ಮಾರ್ಚಿಗೆ ಈಗಿನ ಪದ್ಧತಿಯಂತೆ ಒಂದು ಗಂಟೆ ಸೇರಿಸಿಬಿಟ್ಟರೆ ಲೆಕ್ಕ ಕೆಡುತ್ತದೆ, ಅದನ್ನು ನೋಡಿಕೊಳ್ಳಿ. ಏಪ್ರಿಲ್ ಕೊನೆಗೆ ಸಮಯ ಬದಲಾದ ಮೇಲೆ ಈ ಗಳಿಗೆ ನೇರ 12:40ಕ್ಕೆ ಹಾರುತ್ತದೆ. ಹಾಗಾಗಿ ವಸಂತದಲ್ಲಿ 12:20 ಬರುವುದೇ ಇಲ್ಲ. ನಿಮ್ಮ ಪಟ ಸೆಪ್ಟೆಂಬರಿನ ಎರಡನೇ ಭಾಗದ್ದು. ಗಡಿಯಾರ ಸರಿಯಾಗಿ ನಡೆಯುತ್ತಿತ್ತು ಎಂದು ನಂಬಿದರೆ ಮಾತ್ರ!

ಇಸವಿ ಹಳಿಗಾಡಿಯವರು ಹೇಳಿದ್ದೇ: 1973–76.

ಇನ್ನು ಅದೇ ಜಾಗದಿಂದ ಮತ್ತೆ ಪಟ ತೆಗೆಯುವುದು. ಇಲ್ಲಿ ಎಲ್ಲರೂ ಎಡವುವುದು ಜೂಮಿನಲ್ಲಿ. ಜೂಮ್ ಮಾಡಿದರೆ ಪಟ ದೊಡ್ಡದಾಗುತ್ತದೆ, ವಸ್ತುಗಳು ಒಂದಕ್ಕೊಂದು ಇರುವ ರೀತಿ ಬದಲಾಗದು. ಅದನ್ನು ಬದಲಿಸುವುದು ನೀವು ನಿಂತ ಜಾಗ ಮಾತ್ರ. ಹಳೆಯ ಪಟದಲ್ಲಿ ಹತ್ತಿರದ ಒಂದು ಅಂಚು, ದೂರದ ಒಂದು ಅಂಚು ಒಂದೇ ಗೆರೆಗೆ ಬಂದಿರುವ ಎರಡು ಜೋಡಿ ಹುಡುಕಿ. ಒಂದು ಜೋಡಿ ಎಡದಲ್ಲಿರಲಿ, ಇನ್ನೊಂದು ಬಲದಲ್ಲಿರಲಿ. ಸ್ಥಳದಲ್ಲಿ ಎಡಕ್ಕೆ ಸರಿದರೆ ಹತ್ತಿರದ್ದು ದೂರದ್ದರ ಮುಂದೆ ಬಲಕ್ಕೆ ಜಾರುತ್ತದೆ. ಎರಡೂ ಜೋಡಿ ಏಕಕಾಲಕ್ಕೆ ಕೂಡುವ ಬಿಂದುವೇ ಹಳೆಯ ಕ್ಯಾಮೆರಾ ನಿಂತ ಜಾಗ. ಹತ್ತಿರದ ವಸ್ತುಗಳಿದ್ದರೆ ಅರ್ಧ ಅಡಿ ಸರಿದರೂ ವ್ಯತ್ಯಾಸ ಕಾಣುತ್ತದೆ.

ಆಮೇಲೆ ಲೆನ್ಸು. 35 ಮಿ.ಮೀ. ಸ್ಲೈಡಿಗೆ ಸಾಮಾನ್ಯವಾಗಿ 50 ಮಿ.ಮೀ. ಲೆನ್ಸ್. ಅಡ್ಡಕ್ಕೆ ಸುಮಾರು 40 ಡಿಗ್ರಿ ನೋಟ. ಮೊಬೈಲಿನ ಮುಖ್ಯ ಲೆನ್ಸ್ 24–26 ಮಿ.ಮೀ.ಗೆ ಸಮ. ತೆಗೆದ ಪಟದ ನಡುವಿನ ಅರ್ಧ ಅಗಲವನ್ನು ಕತ್ತರಿಸಿಕೊಂಡರೆ ಸರಿಹೋಗುತ್ತದೆ. ಗೋಪುರದ ತುದಿ ಸಿಗಲಿ ಎಂದು ಮೊಬೈಲನ್ನು ಮೇಲಕ್ಕೆ ವಾಲಿಸಬೇಡಿ. ನೆಟ್ಟನೆಯ ಗೆರೆಗಳೆಲ್ಲ ಒಳಕ್ಕೆ ಬಾಗುತ್ತವೆ. ಸಮಮಟ್ಟದಲ್ಲಿ ಹಿಡಿದು, ಅಗಲ ನೋಟ ತೆಗೆದು, ಕೆಳಗಿನ ರಸ್ತೆ ಕತ್ತರಿಸಿ. 1911ರಿಂದ 1940ರವರೆಗೆ ನಗರದ ಅಧಿಕೃತ ಛಾಯಾಗ್ರಾಹಕರಾಗಿದ್ದ ಆರ್ಥರ್ ಗಾಸ್ ಅವರ ಕಾಲದ ದೊಡ್ಡ ತಟ್ಟೆ ಕ್ಯಾಮೆರಾಗಳಲ್ಲಿ ಲೆನ್ಸನ್ನೇ ಮೇಲಕ್ಕೆ ಸರಿಸುವ ಏರ್ಪಾಡಿತ್ತು. ಆ ಕಾಲದ ಪಟಗಳಲ್ಲಿ ಕಟ್ಟಡ ಸೆಟೆದು ನಿಲ್ಲುವುದು ಅದರಿಂದ.

ಹೊತ್ತಿನ ವಿಷಯ: ಡಿಸೆಂಬರ್ 21ರ ನಡುಹಗಲು ಅಲ್ಲಿ ಸೂರ್ಯ 23 ಡಿಗ್ರಿ ಎತ್ತರವಷ್ಟೇ. 100 ಮೀಟರ್ ಕಟ್ಟಡದ ನೆರಳು ಸುಮಾರು 237 ಮೀಟರ್ ಚಾಚುತ್ತದೆ. ಜೂನ್ 21ಕ್ಕೆ ಅದೇ ನೆರಳು 37 ಮೀಟರ್. 1974ರಲ್ಲಿ ಬಿಸಿಲಿದ್ದ ಜಾಗ ಇವತ್ತು ಅದೇ ದಿನ, ಅದೇ ಗಳಿಗೆಗೆ ಹೋದರೂ ಹೊಸ ಕಟ್ಟಡದ ನೆರಳಿನಲ್ಲಿರಬಹುದು.

#10 ಮಾಂಟ್ರಿಯಲ್_ಮೂಲೆ

ಎಲ್ಲರೂ ಟೊರಾಂಟೊ ಹಿಡಿದಿದ್ದೀರಿ. ಪೆಟ್ಟಿಗೆಯಲ್ಲಿ ಮಾಂಟ್ರಿಯಲ್ ಸ್ಲೈಡು ಬಂದರೆ ಫಲಕದ ಭಾಷೆ ನೋಡಿ. ಕ್ವಿಬೆಕ್ ಪ್ರಾಂತ್ಯದ 1977ರ 101ನೇ ಕಾನೂನಿನಿಂದ ಅಂಗಡಿ ಬೋರ್ಡುಗಳು ಫ್ರೆಂಚಿಗೆ ತಿರುಗಿದವು. 1993ರ ತಿದ್ದುಪಡಿಯ ನಂತರ ಫ್ರೆಂಚ್ ದೊಡ್ಡದಾಗಿದ್ದರೆ ಪಕ್ಕದಲ್ಲಿ ಬೇರೆ ಭಾಷೆಗೂ ಜಾಗ ಸಿಕ್ಕಿತು. ಬಂದರಿನ ಹತ್ತಿರದ ಹಿಟ್ಟಿನ ಗಿರಣಿಯ ಮೇಲಿರುವ ಕೆಂಪು ನಿಯಾನ್ ಅಕ್ಷರಗಳು ಇದಕ್ಕೆ ಅಳತೆಗೋಲು ಇದ್ದಂತೆ. ಮೊದಲು ‘ಫರೀನ್ ಫೈವ್ ರೋಸಸ್ ಫ್ಲೋರ್’ ಎಂದಿತ್ತು. 1977ರಲ್ಲಿ ಕೊನೆಯಲ್ಲಿದ್ದ ‘ಫ್ಲೋರ್’ (ಹಿಟ್ಟು) ಎಂಬ ಇಂಗ್ಲಿಷ್ ಪದ ತೆಗೆದರು. ರಾತ್ರಿ ಪಟದಲ್ಲೂ ಎಣಿಸಬಹುದು.

ಡಾರ್ಚೆಸ್ಟರ್ ಎಂಬ ಬೀದಿಫಲಕ ಪೇಟೆಯ ನಡುವೆ ಕಂಡರೆ 1987ಕ್ಕೆ ಮುಂಚಿನದು. ಆಮೇಲೆ ಅದು ರೆನೆ-ಲೆವೆಕ್. ಟ್ರಾಮ್ ಕಂಡರೆ 1959ರ ಆಗಸ್ಟ್ 30ರ ಒಳಗೆ. ಸ್ಕೈಲೈನಿಗೆ ಸನ್ ಲೈಫ್ ಕಟ್ಟಡ (1931) ಹಳೆಯ ಗುರುತು, ಪ್ಲಾಸ್ ವಿಲ್ ಮರೀ (1962, 188 ಮೀಟರ್) ಹೊಸ ಕಾಲದ ಬಾಗಿಲು. ಅಲ್ಲಿ ಟೊರಾಂಟೊದ ಹಾಗೆ ಒಂದನ್ನೊಂದು ಮೀರಿಸುವ ಗೋಪುರಗಳು ಬರಲಿಲ್ಲ. ಊರ ಬೆನ್ನಿಗಿರುವ ಮೌಂಟ್ ರಾಯಲ್ ಬೆಟ್ಟವನ್ನು ಮೀರಬಾರದೆಂದು ಸಮುದ್ರಮಟ್ಟದಿಂದ 232.5 ಮೀಟರ್ ಮಿತಿ ಇಟ್ಟಿದ್ದಾರೆ. ಒಳ್ಳೆಯ ನಿಯಮ. ಊರು ಯಾವುದೆಂದು ಪಟ ನೋಡಿದೊಡನೆ ಹೇಳಬಹುದು.

#11 ನಕಾಶೆ

ಒಪ್ಪುತ್ತೇನೆ. ಸ್ಕೈಲೈನಿನ ಖಾಲಿ ಜಾಗಗಳಿಗೂ ಕಾರಣ ಇರುತ್ತದೆ. ವ್ಯಾಂಕೂವರಿನಲ್ಲಿ ಕಟ್ಟಡಗಳ ನಡುವೆ ಬೆಟ್ಟ ಕಾಣುವ ಕಂಡಿಗಳು 1989ರ ನೋಟರಕ್ಷಣೆ ನಿಯಮದಿಂದ ಉಳಿದವು. ಹ್ಯಾಲಿಫ್ಯಾಕ್ಸಿನಲ್ಲಿ ಕೋಟೆಯಿಂದ ಬಂದರು ಕಾಣಬೇಕೆಂಬ ನಿಯಮ 1974ರದು. ಟೊರಾಂಟೊದಲ್ಲಿ 1973ರಲ್ಲಿ, ಡೇವಿಡ್ ಕ್ರೋಂಬಿ ಮೇಯರ್ ಆಗಿದ್ದಾಗ, ಪೇಟೆಯ ನಡುಭಾಗಕ್ಕೆ 45 ಅಡಿಯ ತಾತ್ಕಾಲಿಕ ಮಿತಿ ಬಂತು. ಅದಕ್ಕೂ ಎರಡು ವರ್ಷ ಹಿಂದೆ, 1971ರ ಜೂನ್ 3ಕ್ಕೆ ಪ್ರಾಂತ್ಯದ ಮುಖ್ಯಸ್ಥ ಬಿಲ್ ಡೇವಿಸ್ ಸ್ಪಡೈನಾ ಎಕ್ಸ್‌ಪ್ರೆಸ್‌ವೇ ನಿಲ್ಲಿಸಿದರು. ಅದು ಆಗಿದ್ದರೆ ಸ್ಪಡೈನಾ ಸುತ್ತಿನ ಮನೆಬೀದಿಗಳು ಇವತ್ತು ಹಳೆಯ ಪಟದಲ್ಲಿ ಮಾತ್ರ ಇರುತ್ತಿದ್ದವು. 1996ರಲ್ಲಿ ಕಿಂಗ್-ಸ್ಪಡೈನಾ, ಕಿಂಗ್-ಪಾರ್ಲಿಮೆಂಟ್ ಭಾಗದ ಹಳೆಯ ಕಾರ್ಖಾನೆ ನೆಲದಲ್ಲಿ ವಾಸಕ್ಕೂ ಅನುಮತಿ ಸಿಕ್ಕಿತು. ಅಲ್ಲಿನ ಕಾಂಡೊಗಳ (ಫ್ಲ್ಯಾಟುಗಳ) ಬೇರು ಆ ಅನುಮತಿಯಲ್ಲಿದೆ.

ಕಳೆದುಹೋದದ್ದನ್ನೂ ಹೇಳಬೇಕು. 1965ರಲ್ಲಿ ತೆರೆದ ಹೊಸ ಸಿಟಿ ಹಾಲಿನ ಮುಂದಿನ ಚೌಕ ಇರುವುದು ಹಳೆಯ ಚೈನಾಟೌನಿನ ನೆಲದ ಮೇಲೆ. ವ್ಯಾಂಕೂವರಿನ ಕಪ್ಪು ಜನರ ಬೀದಿ ಹೋಗನ್ಸ್ ಆಲಿ ಮೇಲ್ಸೇತುವೆಗಾಗಿ ನೆಲಸಮವಾಯಿತು. ಇಂಥ ಬೀದಿಗಳ ಮನೆಪಟ ಒಂದು ಸಿಕ್ಕಿದರೂ ಜೋಪಾನ ಮಾಡಿ.

ವಿನಿಪೆಗಿನ ಪೋರ್ಟೇಜ್-ಮೇನ್ ಮೂಲೆಯಲ್ಲಿ ಜನ ರಸ್ತೆ ದಾಟುತ್ತಿದ್ದರೆ 1979ಕ್ಕೆ ಮುಂಚೆ, ಇಲ್ಲವೇ 2025ರ ಜೂನ್ ನಂತರ. ನಡುವೆ ಕಾಂಕ್ರೀಟ್ ತಡೆಗೋಡೆ ಇತ್ತು.

#12 ಬಂದರುಕಟ್ಟೆ

ಪಟದಪೆಟ್ಟಿಗೆಯವರೇ, ಸ್ಲೈಡಿನ ಚೌಕಟ್ಟು ನೋಡಿದಿರಾ? ಕೊಡಾಕ್ ರಟ್ಟಿನ ಮೇಲೆ ತೊಳೆದ ತಿಂಗಳು-ಇಸವಿ ಒತ್ತಿರುತ್ತಾರೆ, ಜೊತೆಗೆ ಚಿತ್ರದ ಸಂಖ್ಯೆ. ಶಾಯಿ ಮಾಸಿದ್ದರೆ ಕೋಣೆ ಕತ್ತಲು ಮಾಡಿ ಟಾರ್ಚನ್ನು ರಟ್ಟಿಗೆ ಬಹುತೇಕ ಸಮತಲವಾಗಿ, ಬದಿಯಿಂದ ಹಿಡಿಯಿರಿ. ಒತ್ತಿದ ಗುಣಿಗೆ ನೆರಳು ಬಿದ್ದು ಅಕ್ಷರ ಏಳುತ್ತದೆ. ಅದು ತೊಳೆದ ತಿಂಗಳು, ತೆಗೆದ ತಿಂಗಳಲ್ಲ ಎಂಬುದು ನೆನಪಿರಲಿ.

ಸ್ಕ್ಯಾನಿಗೆ 3200 ಡಿಪಿಐ ಸಾಕು, ಸುಮಾರು 4500×3000 ಪಿಕ್ಸೆಲ್ ಬರುತ್ತದೆ. ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯವನ್ನು ಬಂದ್ ಮಾಡಿ. ಕೊಡಾಕ್ರೋಮಿನ ಬಣ್ಣದ ಪದರ ಆ ಬೆಳಕನ್ನೂ ತಡೆಯುವುದರಿಂದ ಯಂತ್ರ ಚಿತ್ರವನ್ನೇ ಧೂಳೆಂದು ತಿಳಿದು ಒರೆಸುತ್ತದೆ. ಸ್ಟ್ರೀಟ್‌ಕಾರಿನ ಮೇಲಿನ ತಂತಿ, ಕ್ರೇನಿನ ತೋಳು ಮೊದಲು ಮಾಯವಾಗುತ್ತವೆ. ನಿಮಗೆ ಬೇಕಾದ ಸಾಕ್ಷಿಯೇ ಅದು.

#13 ಪಟದಪೆಟ್ಟಿಗೆ

ಟಾರ್ಚ್ ಹಿಡಿದು ನೋಡಿದ್ದಾಯಿತು. ಎರಡೂ ಸ್ಲೈಡಿನಲ್ಲಿ ಒಂದೇ ಮೊಹರು: ಜನವರಿ 75. ಸ್ಲೈಡ್ 2ರ ಸಂಖ್ಯೆ 9, ಸ್ಲೈಡ್ 1ರದು 31.

#14 ಬೆಳಕುಕೋನ

ಹಾಗಾದರೆ 36 ಚಿತ್ರದ ಒಂದೇ ಸುರುಳಿ ಇರಬಹುದು: 9ನೆಯದು ಸೆಪ್ಟೆಂಬರಿನಲ್ಲಿ, 31ನೆಯದು ಅಕ್ಟೋಬರಿನಲ್ಲಿ, ಉಳಿದದ್ದು ಮುಗಿದ ಮೇಲೆ ಜನವರಿಯಲ್ಲಿ ತೊಳೆಸಿದ್ದು. ಒಂದೇ ಸುರುಳಿ ಎಂಬುದಕ್ಕೆ ಪುರಾವೆ ಇಲ್ಲ, ಆದರೆ ನೆರಳಿನ ಲೆಕ್ಕ, ಆಂಟೆನಾ, ಮೊಹರು ಮೂರೂ ಒಂದೇ ಕಡೆ ಬೊಟ್ಟು ಮಾಡುತ್ತಿವೆ. ಮಾಡಲು ಸಾಧ್ಯವಾದರೆ 10ರಿಂದ 30ರವರೆಗಿನ ಸ್ಲೈಡುಗಳು ಪೆಟ್ಟಿಗೆಯಲ್ಲಿವೆಯೇ ಹುಡುಕಿ. ಅದೇ ಮೊಹರು ಇದ್ದವನ್ನು ಸಂಖ್ಯೆವಾರು ಜೋಡಿಸಿದರೆ ಟವರಿನ ಉಬ್ಬು ಬೆಳೆಯುವುದೂ ಸಿಗಬಹುದು.

#15 ನಕಾಶೆ

ರಟ್ಟಿನ ಮೇಲೆ ಬರೆಯುವಾಗ ಮೆತ್ತನೆಯ ಪೆನ್ಸಿಲ್ ಬಳಸಿ, ಬಾಲ್ ಪೆನ್ನಿನ ಒತ್ತು ಫಿಲಂಗೆ ತಗಲುತ್ತದೆ. ‘1974 ಅಕ್ಟೋಬರ್ (ಸುಮಾರು)’ ಎಂದು ಬರೆದು, ಪಟ್ಟಿಯಲ್ಲಿ ಕಾರಣವನ್ನೂ ಸೇರಿಸಿ: ‘ಉಬ್ಬು ಇದೆ, ಆಂಟೆನಾ ಇಲ್ಲ, ಎಲೆ ಕೆಂಪು, ಮೊಹರು ಜನವರಿ 75.’ ಮುಂದೆ ಯಾರಿಗಾದರೂ ಹೊಸ ಸುಳಿವು ಸಿಕ್ಕಿದರೆ ಎಲ್ಲಿಂದ ತಿದ್ದಬೇಕೆಂದು ಅವರಿಗೆ ಗೊತ್ತಿರಬೇಕು.